ಏಳನೆಯ ಕುರ್ಚಿ

ಆ ಊರಿನಲ್ಲಿ ಯಾರೂ ಇಂಗ್ಲಿಷ್ ಮಾತಾಡುತ್ತಿರಲಿಲ್ಲ. ಎಲ್ಲರೂ ಅದನ್ನು ತಿದ್ದುತ್ತಿದ್ದರು.

ತರಕಾರಿಗೆ ಚೌಕಾಸಿ ಮಾಡುವುದು, ಬೈಯುವುದು, ಮಗು ಮಲಗಿಸುವುದು, ಹೆಣದ ಮುಂದೆ ಅಳುವುದು, ಇವೆಲ್ಲ ಕನ್ನಡದಲ್ಲೇ ನಡೆಯುತ್ತಿದ್ದವು. ಅದರಲ್ಲಿ ಎಷ್ಟು ತಪ್ಪಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕನ್ನಡವನ್ನು ಹಾಗೇ ಆಡಿಬಿಡಬಹುದಿತ್ತು. ಇಂಗ್ಲಿಷನ್ನು ಮಾತ್ರ ತಿದ್ದದೆ ಮುಟ್ಟುವಂತಿರಲಿಲ್ಲ. ತಿದ್ದಿದ ಮೇಲಂತೂ ಅದನ್ನು ಮುಟ್ಟುವ ಅಗತ್ಯವೇ ಬೀಳುತ್ತಿರಲಿಲ್ಲ.

ಊರ ನಡುವೆ ತಿದ್ದುಮನೆ ಇತ್ತು. ಬೆಳಿಗ್ಗೆ ಅದರ ಗಂಟೆ ಬಾರಿಸಿದ ಮೇಲೆಯೇ ಅಂಗಡಿಗಳು ಬಾಗಿಲು ತೆಗೆಯುತ್ತಿದ್ದವು. ಗಂಟೆಯಾಗುತ್ತಲೇ ಕರಣಿಕ ಕರಿಹಲಗೆಯ ಮೇಲಿನ ಬಟ್ಟೆ ಸರಿಸುತ್ತಿದ್ದ. ಹಲಗೆಯ ಮೇಲೆ ಒಂದು ಇಂಗ್ಲಿಷ್ ವಾಕ್ಯ. ವಾಕ್ಯದ ಒಂದು ಭಾಗದ ಕೆಳಗೆ ಕೆಂಪು ಗೆರೆ. ಅದರ ಕೆಳಗೆ ಐದು ಸಾಲು. ಗೆರೆ ಎಳೆದ ಮಾತಿನ ಜಾಗದಲ್ಲಿ ಈ ಐದರಲ್ಲಿ ಯಾವುದನ್ನು ಕೂರಿಸಿದರೆ ವಾಕ್ಯ ಸರಿಹೋಗುತ್ತದೆ ಎಂದು ಹೇಳಬೇಕು. ಎರಡರಿಂದ ಐದರವರೆಗಿನವು ನಾಲ್ಕು ಬಗೆಯ ತಿದ್ದುಪಡಿಗಳು. ಮೊದಲನೆಯ ಸಾಲು ಮಾತ್ರ ಮೇಲಿದ್ದದ್ದೇ; ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಮೊದಲನೆಯದು ಎಂದರೆ, ಇದರಲ್ಲಿ ತಪ್ಪೇನೂ ಇಲ್ಲ, ಇದ್ದ ಹಾಗೇ ಇರಲಿ ಎಂದರ್ಥ.

ಊರಿಗೆ ನೆನಪಿರುವ ಮಟ್ಟಿಗೆ ಯಾರೂ ಮೊದಲನೆಯದು ಎಂದಿರಲಿಲ್ಲ. ಅನ್ನಬಾರದೆಂದು ಎಲ್ಲೂ ಬರೆದಿರಲಿಲ್ಲ. ಆದರೆ ತಪ್ಪು ಕಾಣಲಿಲ್ಲ ಎಂದವನಿಗೆ ಕಣ್ಣೇ ಕಾಣುವುದಿಲ್ಲ ಎಂದು ಊರು ತಿಳಿಯುತ್ತಿತ್ತು. ಅಂಥವನಿಗೆ ಹೆಣ್ಣು ಕೊಡುವವರಾರು?

ಹಲಗೆಯ ಎದುರಿಗೆ ಏಳು ಕುರ್ಚಿಗಳು. ಏಳರ ಮೇಲೂ ಏಳು ಜನ ತಿದ್ದುವವರು. ಮೊದಲನೆಯ ಕುರ್ಚಿಯವರು ಎಲ್ಲರಿಗಿಂತ ಹಿರಿಯರು, ಏಳನೆಯ ಕುರ್ಚಿಯವರು ಎಲ್ಲರಿಗಿಂತ ಕಿರಿಯರು. ಸಂಖ್ಯೆ ಹೇಳುವುದು ಹಿರಿಯರಿಂದ ಶುರುವಾಗುತ್ತಿತ್ತು. ಇದರಿಂದ ಕಿರಿಯರಿಗೆ ಯೋಚಿಸುವ ಶ್ರಮ ತಪ್ಪುತ್ತಿತ್ತು. ಏಳನೆಯವರು ಹೇಳಿ ಮುಗಿಸಿದರೆ ಕರಣಿಕ ವಾಕ್ಯವನ್ನು ತಿದ್ದಿ ಬರೆದು, ಮಡಚಿ, ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದ. ಆ ಪೆಟ್ಟಿಗೆಯಿಂದ ಒಂದು ವಾಕ್ಯವನ್ನು ತೆಗೆದು ಯಾರಿಗಾದರೂ ಏನನ್ನಾದರೂ ಹೇಳಿದ ಉದಾಹರಣೆ ಇಲ್ಲ.

ಇನ್ನು ತಪ್ಪಿನ ವಿಷಯ. ದಿನಕ್ಕೊಂದು ತಪ್ಪು ವಾಕ್ಯ ಬೇಕಲ್ಲ, ಅದು ಆಕಾಶದಿಂದ ಉದುರುವುದಿಲ್ಲ. ಯಾರೂ ಮಾತಾಡದ ಭಾಷೆಯಲ್ಲಿ ತಪ್ಪು ತಾನಾಗಿ ಆಗುವುದೂ ಇಲ್ಲ. ಅದಕ್ಕಾಗಿ ಊರಿನಲ್ಲಿ ಒಂದು ಮನೆತನವನ್ನು ಇಟ್ಟಿದ್ದರು. ಅವರನ್ನು ತಪ್ಪಿನವರು ಎನ್ನುತ್ತಿದ್ದರು. ವಾಕ್ಯವನ್ನು ಬರೆಯುವವರು ಅವರೇ, ಕೆಂಪು ಗೆರೆ ಎಳೆಯುವವರು ಅವರೇ, ಕೆಳಗಿನ ಐದು ಸಾಲನ್ನು ಹೊಂದಿಸುವವರೂ ಅವರೇ. ಬೆಳಗಾಗುವ ಮುಂಚೆ ಬಂದು ಹಲಗೆ ಬರೆದು, ಬಟ್ಟೆ ಮುಚ್ಚಿ, ಹೊರಗೆ ಹೊಸ್ತಿಲ ಪಕ್ಕದ ಕಲ್ಲಿನ ಮೇಲೆ ಕೂರಬೇಕು. ಗಂಟೆ ಬಾರಿಸಿದ ಮೇಲೆ ಒಳಗೆ ಕಾಲಿಡುವಂತಿಲ್ಲ. ತಪ್ಪು ಅಂಟುಜಾಡ್ಯ ಎಂಬುದು ಊರಿನ ನಂಬಿಕೆ.

ಈ ಕಥೆಯ ಕಾಲಕ್ಕೆ ಆ ಕಲ್ಲಿನ ಮೇಲೆ ಕೂರುತ್ತಿದ್ದವಳು ಒಬ್ಬ ಹೆಂಗಸು. ನಲವತ್ತು ವರ್ಷದಿಂದ ಕೂತು ಕಲ್ಲು ನಯವಾಗಿತ್ತು. ಊರಿಗೆ ಅವಳ ಹೆಸರು ಬೇಕಾಗಿರಲಿಲ್ಲ, ತಪ್ಪಿನವಳು ಎಂದರೆ ಸಾಕಿತ್ತು.

ಅವಳ ಕೈ ಬಹಳ ಒಳ್ಳೆಯದೆಂದು ತಿದ್ದುವವರು ತಮ್ಮತಮ್ಮಲ್ಲೇ ಒಪ್ಪುತ್ತಿದ್ದರು. ಅವಳು ಮಾಡುವ ತಪ್ಪು ಸುಲಭಕ್ಕೆ ಸಿಗುತ್ತಿರಲಿಲ್ಲ. ವಾಕ್ಯದಲ್ಲಿ ಕೆಲಸ ಮಾಡಿದವನಿಗೂ ಮಾಡಿದ ಕೆಲಸಕ್ಕೂ ನಡುವೆ ಮದುವೆ ದಿಬ್ಬಣದಷ್ಟು ಮಾತು ನುಗ್ಗಿಸಿಬಿಡುವಳು. ದಿಬ್ಬಣ ದಾಟುವಷ್ಟರಲ್ಲಿ ಹೊರಟವನು ಒಬ್ಬನೋ ಹತ್ತು ಜನವೋ ಎಂಬುದು ಮರೆತುಹೋಗಿರುತ್ತಿತ್ತು. ‘ಬಿಸಿಲಲ್ಲಿ ನಡೆಯುತ್ತಾ, ಕೊಡೆ ಮಗುಚಿಕೊಂಡಿತು’ ಎಂಬಂಥದ್ದನ್ನು ಬರೆಯುವಳು. ಎರಡು ಸಲ ಓದಿದ ಮೇಲೆ, ನಡೆಯುತ್ತಿದ್ದದ್ದು ಕೊಡೆಯೇ ಎಂದು ಹೊಳೆಯುತ್ತಿತ್ತು. ‘ನಮ್ಮೂರ ಬದನೆಕಾಯಿ ನಿಮ್ಮೂರಿಗಿಂತ ರುಚಿ’ ಎಂದು ಬರೆದ ದಿನ ಏಳು ಕುರ್ಚಿಗಳಲ್ಲಿ ಐದು ತಲೆದೂಗಿ ಒಪ್ಪಿಕೊಂಡಿದ್ದವು. ಕೊನೆಗೆ ಒಬ್ಬರು, ನಿಮ್ಮೂರನ್ನು ತಿಂದು ನೋಡಿದವರು ಯಾರು ಎಂದು ಕೇಳಿದ ಮೇಲೆ ಊರಿನ ಮಾನ ಉಳಿಯಿತು. ಒಮ್ಮೆ ಅವಳಿಗೆ ಜ್ವರ ಬಂದಾಗ ತಿದ್ದುವವರೊಬ್ಬರು ತಾವೇ ಒಂದು ತಪ್ಪು ಮಾಡುತ್ತೇನೆಂದು ಹೊರಟರು. ಅವರು ಮಾಡಿದ ತಪ್ಪನ್ನು ಮೂರನೆಯ ತರಗತಿಯ ಹುಡುಗಿ ನಕ್ಕು ತೋರಿಸಿದಳು. ತಪ್ಪನ್ನು ನೆಟ್ಟಗೆ ಮಾಡಬೇಕಾದರೆ ಸರಿ ಯಾವುದೆಂದು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಗೊತ್ತಿರಬೇಕಾಗುತ್ತದೆ. ಹಾಗಿದ್ದರೆ ಕಲ್ಲಿನ ಮೇಲೆ ಕೂತವಳಿಗೆ ಸರಿ ಗೊತ್ತೇ ಎಂದು ಯಾರೂ ಅವಳನ್ನು ಕೇಳಲಿಲ್ಲ. ಕೇಳುವಂಥ ಪ್ರಶ್ನೆ ಅದಲ್ಲ.

ತಪ್ಪಿನವಳಿಗೆ ಒಬ್ಬಳೇ ಮಗಳು. ಆ ಮಗಳು ಈಗ ಏಳನೆಯ ಕುರ್ಚಿಯಲ್ಲಿ ಕೂತಿದ್ದಳು.

ತಪ್ಪಿನವರ ಮಕ್ಕಳಿಗೆ ಕುರ್ಚಿ ಸಲ್ಲದು ಎಂದು ನಿಯಮವಿತ್ತು. ಕುರ್ಚಿಗೆ ಅರ್ಜಿ ಹಾಕುವಾಗ ತಾಯಿಯ ಕಸುಬು ಎಂಬ ಸಾಲನ್ನು ಮಗಳು ಖಾಲಿ ಬಿಟ್ಟಿದ್ದಳು. ಕರಣಿಕ ಆ ಖಾಲಿ ಜಾಗವನ್ನು ನೋಡಿದ, ಅವಳ ಮುಖ ನೋಡಿದ, ತಾನೇ ‘ಮನೆಗೆಲಸ’ ಎಂದು ತುಂಬಿದ. ಅವನಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ತಾಯಿಯ ಗಲ್ಲವೇ ಮಗಳಿಗೆ ಬಂದಿತ್ತು; ನಡುವೆ ಒಂದು ಸಣ್ಣ ಗುಳಿ, ಹೆಬ್ಬೆರಳಿನಿಂದ ಒತ್ತಿದ ಹಾಗೆ. ಊರಿನಲ್ಲಿ ಅಂಥ ಗಲ್ಲ ಎರಡೇ ಇದ್ದವು. ಒಂದು ಕಲ್ಲಿನ ಮೇಲೆ, ಒಂದು ಕುರ್ಚಿಯ ಮೇಲೆ. ಆದರೂ ಯಾರೂ ಹೇಳಲಿಲ್ಲ. ಗೊತ್ತಿರುವುದರ ಬಗ್ಗೆ ನಿಯಮವಿರಲಿಲ್ಲ, ಹೇಳುವುದರ ಬಗ್ಗೆ ಮಾತ್ರ ಇತ್ತು.

ತಿದ್ದುವುದನ್ನು ಅವಳಿಗೆ ಕಲಿಸಿದವಳು ತಾಯಿಯೇ. ಅನ್ನ ಬೇಯುವಾಗ ಒಲೆಯ ಮುಂದೆ ಕೂತು ಇದ್ದಿಲಿನಿಂದ ನೆಲದ ಮೇಲೆ ತಪ್ಪು ಬರೆದುಕೊಡುತ್ತಿದ್ದಳು, ಮಗಳು ಒದ್ದೆ ಬೆರಳಿನಿಂದ ಒರೆಸಿ ಸರಿ ಮಾಡುತ್ತಿದ್ದಳು. ಸರಿಯಾದರೆ ಒಂದು ಚೂರು ಬೆಲ್ಲ. ಬೇರೆ ಮಕ್ಕಳಿಗೆ ಒಂದು ತಪ್ಪು ಹಿಡಿಯಲು ಒಂದು ಋತು ಬೇಕಾಗುತ್ತಿದ್ದಾಗ, ಇವಳು ಅನ್ನ ಬೇಯುವುದರೊಳಗೆ ನಾಲ್ಕು ಹಿಡಿಯುತ್ತಿದ್ದಳು. ಕುರ್ಚಿ ಸಿಕ್ಕ ದಿನ ತಾಯಿ ಅವಳನ್ನು ಕರೆದು, ಇನ್ನು ಮೇಲೆ ನೀನು ಚಿಕ್ಕಮ್ಮನ ಮನೆಯಲ್ಲಿರು, ಯಾರಾದರೂ ಕೇಳಿದರೆ ನಾನು ಯಾರೆಂದು ಗೊತ್ತಿಲ್ಲ ಅನ್ನು ಎಂದಳು. ಮಗಳು ಇಲ್ಲವೆಂದು ತಲೆಯಾಡಿಸಿ ಅತ್ತಳು. ಮಾರನೆಯ ದಿನ ಚಿಕ್ಕಮ್ಮನ ಮನೆಗೆ ಹೋದಳು.

ಆಮೇಲೆ ಹನ್ನೊಂದು ವರ್ಷ. ಪ್ರತಿ ಬೆಳಿಗ್ಗೆ ಗಂಟೆ ಬಾರಿಸುತ್ತದೆ. ಮಗಳು ಮೆಟ್ಟಿಲು ಹತ್ತಿ ಬರುತ್ತಾಳೆ. ಕಲ್ಲಿನ ಮೇಲಿನ ತಾಯಿ ತನ್ನ ಕಾಲುಗಳನ್ನು ಒಳಗೆಳೆದುಕೊಂಡು ದಾರಿ ಬಿಡುತ್ತಾಳೆ. ಮಗಳು ಹೊಸ್ತಿಲು ದಾಟುತ್ತಾಳೆ. ಒಂದು ದಿನವೂ ತಾಯಿ ಕಾಲು ಎಳೆದುಕೊಳ್ಳುವುದನ್ನು ಮರೆಯಲಿಲ್ಲ, ಒಂದು ದಿನವೂ ಮಗಳು ತಲೆ ಬಗ್ಗಿಸಿ ನೋಡಲಿಲ್ಲ. ಆದರೆ ಆ ಕಾಲುಗಳನ್ನು ಅವಳು ಬಲ್ಲಳು. ಯಾವ ವರ್ಷ ಹಿಮ್ಮಡಿ ಒಡೆಯಿತು, ಯಾವ ವರ್ಷ ಬಲಗಾಲಿನ ಉಗುರು ಕಪ್ಪಾಯಿತು, ಯಾವ ಮಳೆಗಾಲದಿಂದ ಒಳಗೆಳೆದುಕೊಳ್ಳುವುದು ನಿಧಾನವಾಯಿತು, ಎಲ್ಲವನ್ನೂ ಬಲ್ಲಳು. ನೋಡದೆ ಬಲ್ಲವಳಾಗುವುದು ಹೇಗೆಂದು ಯಾರೂ ಕೇಳಲಿಲ್ಲ. ಗೊತ್ತಿಲ್ಲ ಎನ್ನುವ ಸುಳ್ಳನ್ನು ತಾಯಿ ಹೇಳಿಕೊಟ್ಟಿದ್ದಳು. ಹನ್ನೊಂದು ವರ್ಷದಲ್ಲಿ ಅದನ್ನು ಆಡುವ ಸಂದರ್ಭವನ್ನು ಊರು ಒಮ್ಮೆಯೂ ಕೊಡಲಿಲ್ಲ. ಊರು ಅಷ್ಟು ಸಭ್ಯವಾಗಿತ್ತು.

ತಪ್ಪಿನವರಿಗೆ ಕಣ್ಣು ಮಂಜಾದಾಗ ಬಿಡುಗಡೆ. ಬಿಡುಗಡೆಯ ದಿನಕ್ಕೆ ಒಂದು ಪದ್ಧತಿಯಿತ್ತು. ಆ ದಿನ ತಪ್ಪಿನವರು ತಮ್ಮ ಸ್ವಂತದ್ದೊಂದು ವಾಕ್ಯ ತರಬಹುದು, ಯಾವುದು ಬೇಕಾದರೂ. ಏಳು ಕುರ್ಚಿಗಳಲ್ಲಿ ಒಂದೇ ಒಂದು ಕುರ್ಚಿ ‘ಮೊದಲನೆಯದು’ ಎಂದರೂ ಸಾಕು, ಆ ವಾಕ್ಯ ಇದ್ದ ಹಾಗೇ ಉಳಿಯುತ್ತದೆ. ಬರೆದವರು ಹೊಸ್ತಿಲು ದಾಟಿ ಒಳಗೆ ಬಂದು, ಚಾಪೆಯ ಮೇಲೆ ಕೂತು, ತಿದ್ದುಮನೆಯ ಹೂಜಿಯ ನೀರು ಕುಡಿದು, ಎಲ್ಲರೂ ನೋಡುವಂತೆ ಮುಂಬಾಗಿಲಿನಿಂದ ಹೋಗಬಹುದು. ಅಲ್ಲಿಂದ ಮುಂದೆ ಅವರು ತಪ್ಪಿನವರಲ್ಲ.

ಇದುವರೆಗೆ ಯಾರೂ ಆ ನೀರು ಕುಡಿದಿರಲಿಲ್ಲ. ಹಿಂದಿನ ತಪ್ಪಿನವನೊಬ್ಬ, ಈ ಹೆಂಗಸಿನ ಸೋದರಮಾವ, ಬಹಳ ಯೋಚಿಸಿ ಒಂದು ಮಂಗಳವಾರ ‘ಇಂದು ಮಂಗಳವಾರ’ ಎಂಬ ವಾಕ್ಯವನ್ನು ತಂದಿದ್ದನಂತೆ. ಏಳು ಕುರ್ಚಿಗಳೂ ಆ ವಾಕ್ಯವನ್ನು ಎಷ್ಟು ಶ್ರದ್ಧೆಯಿಂದ ಪರೀಕ್ಷಿಸಿದವೆಂದರೆ, ಸಂಖ್ಯೆ ಹೇಳುವ ಹೊತ್ತಿಗೆ ಬುಧವಾರ ಬೆಳಗಾಗಿತ್ತು.

ತಪ್ಪಿನವಳ ಕೊನೆಯ ದಿನ ತಿದ್ದುಮನೆಯ ಮೆಟ್ಟಿಲ ತುಂಬ ಜನ. ಗಂಟೆ ಬಾರಿಸಿತು. ಮಗಳು ಮೆಟ್ಟಿಲು ಹತ್ತಿ ಬಂದಳು. ತಾಯಿ ಕಾಲುಗಳನ್ನು ಒಳಗೆಳೆದುಕೊಂಡಳು. ಮಗಳು ದಾಟಿದಳು, ಕೂತಳು. ಕರಣಿಕ ತಪ್ಪಿನವಳನ್ನು ಎಬ್ಬಿಸಿ ಹೊಸ್ತಿಲ ಆಚೆ ನಿಲ್ಲಿಸಿ, ಹಲಗೆಯ ಬಟ್ಟೆ ಸರಿಸಿದ.

ವಾಕ್ಯ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ ಇಷ್ಟು: ‘ಏಳನೆಯ ಕುರ್ಚಿಯಲ್ಲಿ ಕೂತಿರುವ ಹೆಂಗಸು ನನ್ನ ಮಗಳು.’

ಕೆಂಪು ಗೆರೆ ‘ನನ್ನ ಮಗಳು’ ಎಂಬುದರ ಕೆಳಗಿತ್ತು. ಅದರ ಕೆಳಗೆ ಐದು ಸಾಲು, ದುಂಡಗಿನ ಅಕ್ಷರದಲ್ಲಿ.

ಒಂದು, ನನ್ನ ಮಗಳು. ಎರಡು, ನನ್ನ ಮಗಳಾಗಿದ್ದಳು. ಮೂರು, ನನ್ನ ಮಗಳ ಹಾಗಿದ್ದಾಳೆ. ನಾಲ್ಕು, ಯಾರದೋ ಮಗಳು. ಐದು, ನನಗೆ ಪರಿಚಯದವಳಲ್ಲ.

ಮೆಟ್ಟಿಲ ಮೇಲೆ ಗದ್ದಲವೇನೂ ಆಗಲಿಲ್ಲ. ಎಲ್ಲರೂ ತಮ್ಮ ತಮ್ಮ ಕೆಮ್ಮನ್ನು ಕೆಮ್ಮಿಕೊಂಡರು. ಬಳೆ ಮಾರುವವಳೊಬ್ಬಳು ಪಕ್ಕದವಳಿಗೆ, “ಗಲ್ಲ ನೋಡಿದ್ರೆ ಗೊತ್ತಾಗಲ್ವೇನೆ, ಇದಕ್ಕೆ ಏಳು ಜನ ಬೇಕಾ?” ಎಂದದ್ದು ಒಳಗೂ ಕೇಳಿಸಿತು. ಪಕ್ಕದವಳು ಅವಳ ಸೊಂಟ ತಿವಿದು ಸುಮ್ಮನಾಗಿಸಿದಳು.

ಏಳನೆಯ ಕುರ್ಚಿಯವಳು ಹಲಗೆಯನ್ನು ನೋಡುತ್ತಿದ್ದಳು. ಬೇರೆ ದಿನಗಳಲ್ಲಿ ತಾಯಿ ಬರೆದ ಐದು ಸಾಲಿನಲ್ಲಿ ಸರಿಯಾದದ್ದು ಒಂದೇ ಇರುತ್ತಿತ್ತು. ಇನ್ನೊಂದು ಸರಿಯಂತೆ ಕಾಣುವ ಬಲೆ. ಉಳಿದ ಮೂರು ಸುಮ್ಮನೆ ಹೊಟ್ಟು. ಈ ದಿನ ಹಾಗಿರಲಿಲ್ಲ. ಈ ದಿನ ಐದೂ ನೆಟ್ಟಗಿದ್ದವು. ಯಾವುದನ್ನು ಕೂರಿಸಿದರೂ ವಾಕ್ಯ ಮುರಿಯುತ್ತಿರಲಿಲ್ಲ, ಯಾವ ಸಂಖ್ಯೆ ಹೇಳಿದರೂ ಹೇಳಿದವರಿಗೆ ಅವಮಾನವಾಗುತ್ತಿರಲಿಲ್ಲ. ನಲವತ್ತು ವರ್ಷ ಇತರರಿಗೆ ಬಲೆ ಹೆಣೆದವಳು ಕೊನೆಯ ದಿನ ಬಲೆಯೇ ಇಲ್ಲದ ಹಲಗೆ ಬರೆದಿದ್ದಳು. ಮಗಳಿಗೆ ಅದು ಓದಿದ ಕೂಡಲೇ ಅರ್ಥವಾಯಿತು.

ಮೊದಲನೆಯ ಕುರ್ಚಿಯವರು ಗಂಟಲು ಸರಿಮಾಡಿಕೊಂಡು, ವಾಕ್ಯ ಸ್ವಲ್ಪ ಬೋಳಾಗಿದೆ ಎಂದು ಶುರುಮಾಡಿದರು. ಎರಡನೆಯವರು, ಈ ಹೆಂಗಸು ಕುರ್ಚಿಯಲ್ಲಿ ಕೂತಿರುವಾಗ ಮಾತ್ರ ಮಗಳೋ, ಎದ್ದ ಮೇಲೂ ಮಗಳೋ ಎಂಬುದು ವಾಕ್ಯದಿಂದ ತಿಳಿಯುವುದಿಲ್ಲ ಎಂದರು. ಮೂರನೆಯವರ ಆಕ್ಷೇಪ ಇನ್ನೂ ಆಳವಾಗಿತ್ತು. ವಾಕ್ಯದ ಒಂದು ತುದಿಯಲ್ಲಿ ಹೆಂಗಸು ಇದ್ದಾಳೆ, ಇನ್ನೊಂದು ತುದಿಯಲ್ಲಿ ಮಗಳು ಇದ್ದಾಳೆ, ಇಬ್ಬರೂ ಒಬ್ಬಳೇ ಆದರೆ ಎರಡು ಸಲ ಹೇಳುವ ದುಂದು ಏಕೆ? ನಾಲ್ಕನೆಯವರು ತೂಕಡಿಸುತ್ತಿದ್ದರು. ಅವರನ್ನು ತಟ್ಟಿದಾಗ ಎಚ್ಚೆತ್ತು, ಮೂರನೆಯವರು ಹೇಳಿದ್ದರಲ್ಲಿ ತಥ್ಯವಿದೆ ಎಂದರು. ಐದನೆಯ ಕುರ್ಚಿಯ ಹೆಂಗಸು, ‘ನನ್ನ’ ಎಂದರೆ ಯಾರ ಎಂದು ಕೇಳಿದರು. ಕೇಳುವಾಗ ಹೊಸ್ತಿಲ ಆಚೆ ನಿಂತವಳು ಅವರ ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲೇ ಇದ್ದಳು. ಆದರೆ ನಿಯಮದ ಪ್ರಕಾರ ಹಲಗೆಯನ್ನಷ್ಟೇ ನೋಡಬೇಕು. ಆರನೆಯವನು ಮೃದು ಸ್ವಭಾವದವನು. ಅವನು ಏನನ್ನೋ ಹೇಳಲು ಪಕ್ಕಕ್ಕೆ ತಿರುಗಿ, ಏಳನೆಯ ಕುರ್ಚಿಯವಳ ಮುಖ ನೋಡಿ, ಅಲ್ಲಿ ಯಾವ ಒತ್ತಾಸೆಯೂ ಕಾಣದೆ, ಹಿರಿಯರು ಹೇಳಿದ ಹಾಗೆ ಎಂದು ಮುಗಿಸಿದ.

ಸಂಖ್ಯೆ ಹೇಳುವ ಹೊತ್ತಾಯಿತು. ಮೊದಲನೆಯವರು ಮೂರು ಎಂದರು. ಎರಡನೆಯವರು ಎರಡು ಎಂದರು. ಮೂರನೆಯವರು ಮೂರು, ನಾಲ್ಕನೆಯವರು ಮೂರು. ಐದನೆಯವರು ಐದು ಎಂದು, ಹೇಳಿದ್ದು ಒರಟಾಯಿತೇನೋ ಎಂಬಂತೆ ಸೆರಗು ಸರಿಪಡಿಸಿಕೊಂಡರು. ಆರನೆಯವನು ಮೂರು ಎಂದ, ಬಹಳ ಮೆತ್ತಗೆ.

ಕರಣಿಕ ಸುಣ್ಣದ ಕಡ್ಡಿ ಹಿಡಿದು ಏಳನೆಯ ಕುರ್ಚಿಯತ್ತ ತಿರುಗಿದ.

ಒಂದು ಮಾತು ಸಾಕಿತ್ತು. ಒಬ್ಬರು ಅಂದರೂ ಉಳಿಯುತ್ತದೆ, ಆ ಒಬ್ಬರು ಯಾರಾಗಬಹುದೆಂದು ವಾಕ್ಯದಲ್ಲೇ ಬರೆದಿತ್ತು. ಆ ಮಾತು ಆಡಿದರೆ ತಾಯಿ ಹೊಸ್ತಿಲು ದಾಟಿ ಬಂದು ನೀರು ಕುಡಿಯುವಳು. ಆಡಿದರೆ ಏಳನೆಯ ಕುರ್ಚಿ ಖಾಲಿಯಾಗುವುದು. ಹಾಗಾಗುವುದೆಂದು ಏಳನೆಯ ಕುರ್ಚಿಯವಳಿಗೆ ಗೊತ್ತಿತ್ತು. ಕುರ್ಚಿಯ ತೋಳಿನ ಮೇಲೆ ಅವಳ ಕೈಯಿತ್ತು. ಹನ್ನೊಂದು ವರ್ಷದಲ್ಲಿ ಆ ಮರವೂ ನಯವಾಗಿತ್ತು. ಮೊದಲನೆಯದು ಎಂಬ ಮಾತನ್ನು ಅವಳು ನಾಲಿಗೆಯ ಮೇಲೆ ತಂದಳು. ತಂದದ್ದು ನಿಜ. ತುಟಿ ಸೇರಿಸಿದಳು. ಆ ಮಾತಿಗೆ ಮೊದಲು ತುಟಿ ಸೇರಬೇಕು. ತುಟಿ ಸೇರಿಸಿ ಹಾಗೇ ಸ್ವಲ್ಪ ಹೊತ್ತು ಇದ್ದಳು. ನೋಡುವವರಿಗೆ ಅವಳು ಆಳವಾಗಿ ಯೋಚಿಸುತ್ತಿರುವ ಹಾಗೆ ಕಂಡಿತು.

“ನಾಲ್ಕು,” ಎಂದಳು.

ತಿದ್ದುಮನೆ ಉಸಿರು ಬಿಟ್ಟಿತು. ಮೊದಲನೆಯ ಕುರ್ಚಿಯವರು ಕಣ್ಣು ಮುಚ್ಚಿ ವಾಕ್ಯವನ್ನು ಬಾಯಲ್ಲಿ ಹೊರಳಿಸಿ ನೋಡಿದರು. ಏಳನೆಯ ಕುರ್ಚಿಯಲ್ಲಿ ಕೂತಿರುವ ಹೆಂಗಸು ಯಾರದೋ ಮಗಳು. ಇದಕ್ಕಿಂತ ಸರಿಯಾದದ್ದು ಸಾಧ್ಯವೇ ಎಂದು ಕೇಳಿದರು. ಸುಳ್ಳಿಲ್ಲ, ಯಾರಿಗೂ ನೋವಿಲ್ಲ, ನಾಳೆ ಆ ಕುರ್ಚಿಯಲ್ಲಿ ಬೇರೆ ಹೆಂಗಸು ಕೂತರೂ ಬದಲಿಸಬೇಕಾಗಿಲ್ಲ. ತಾವು ಮೂರು ಎಂದದ್ದನ್ನು ಹಿಂತೆಗೆದುಕೊಂಡರು. ಉಳಿದವರೂ ತಂತಮ್ಮದನ್ನು ಹಿಂತೆಗೆದುಕೊಂಡರು. ಕಿರಿಯ ಕುರ್ಚಿಯ ಸಂಖ್ಯೆಗೆ ಹಿರಿಯ ಕುರ್ಚಿಗಳು ಒಪ್ಪಿದ್ದು ಅದೇ ಮೊದಲು ಎಂದು ಕರಣಿಕ ದಾಖಲೆಯಲ್ಲಿ ಬರೆದ.

ಆಮೇಲೆ ಬಿಡುಗಡೆಯ ದಿನದ ಪದ್ಧತಿಯ ಉಳಿದ ಭಾಗ. ತಪ್ಪು ತಂದವರು ತಿದ್ದಿದ ವಾಕ್ಯವನ್ನು ಮೂರು ಸಲ ಗಟ್ಟಿಯಾಗಿ ಓದಿ, ತಿದ್ದಿದವರಿಗೆ ಕೈಮುಗಿಯಬೇಕು. ತಪ್ಪಿನವಳು ಹೊಸ್ತಿಲ ಆಚೆ ನಿಂತು ಓದಿದಳು. ಅವಳ ಬಾಯಿಂದ ಇಂಗ್ಲಿಷ್ ಅಷ್ಟು ಚೆನ್ನಾಗಿ ಬರುತ್ತದೆಂದು ಊರಿಗೆ ತಿಳಿದಿರಲಿಲ್ಲ. ಏಳನೆಯ ಕುರ್ಚಿಯಲ್ಲಿ ಕೂತಿರುವ ಹೆಂಗಸು ಯಾರದೋ ಮಗಳು. ಮೊದಲ ಸಲ ಓದಿದಾಗ ಹಲಗೆ ನೋಡಿದಳು. ಎರಡನೆಯ ಸಲ ನೆಲ ನೋಡಿದಳು. ಮೂರನೆಯ ಸಲ ಓದುವಾಗ ಎಲ್ಲಿ ನೋಡಿದಳೆಂದು ಮಗಳಿಗೆ ತಿಳಿಯದು. ಅಷ್ಟರಲ್ಲಿ ಮಗಳು ತಲೆ ತಗ್ಗಿಸಿದ್ದಳು.

“ನನ್ನ ತಪ್ಪು ತೋರಿಸಿಕೊಟ್ರಿ, ಅಮ್ಮಾವ್ರೆ,” ಎಂದು ತಾಯಿ ಮಗಳಿಗೆ ಕೈಮುಗಿದಳು. “ದೊಡ್ಡ ಉಪಕಾರ ಆಯ್ತು.”

ಅದೂ ಪದ್ಧತಿಯ ಮಾತೇ. ನಲವತ್ತು ವರ್ಷದಿಂದ ಪ್ರತಿ ದಿನ ಯಾರಿಗಾದರೊಬ್ಬರಿಗೆ ಹೇಳಿದ ಮಾತು. ಆ ದಿನ ಅದರಲ್ಲಿ ಒಂದಕ್ಷರ ಹೆಚ್ಚಿರಲಿಲ್ಲ.

ವಾಕ್ಯವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ತಪ್ಪಿನವಳು ಸುಣ್ಣದ ಕಡ್ಡಿಯನ್ನೂ ಹಲಗೆ ಒರೆಸುವ ಬಟ್ಟೆಯನ್ನೂ ಕರಣಿಕನಿಗೆ ಒಪ್ಪಿಸಿ, ಮೆಟ್ಟಿಲಿಳಿದು ಹೋದಳು. ಜನ ದಾರಿ ಬಿಟ್ಟರು. ಬಳೆ ಮಾರುವವಳು ಮಾತ್ರ ಹೋಗದೆ, ಒಳಗೆ ಕುರ್ಚಿಯ ಮೇಲೆ ಕೂತವಳನ್ನೇ ಬಹಳ ಹೊತ್ತು ನೋಡುತ್ತಾ ನಿಂತಿದ್ದಳು. ನೋಡಬಾರದೆಂಬ ನಿಯಮ ಅವಳಿಗೆ ತಿಳಿದಿರಲಿಲ್ಲವೋ ಏನೋ.

ವಾಕ್ಯ ಬಹಳ ಹೆಸರು ಮಾಡಿತು. ಶಾಲೆಯಲ್ಲಿ ಅದನ್ನು ಗೋಡೆಯ ಮೇಲೆ ಬರೆಸಿದರು. ಮಕ್ಕಳು ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ಅದನ್ನು ಸಾಲಾಗಿ ನಿಂತು ಹೇಳುತ್ತಿದ್ದರು. ಚಿಕ್ಕಮ್ಮನ ಮನೆಯ ಜಗಲಿಗೆ ಆ ರಾಗ ಸ್ಪಷ್ಟವಾಗಿ ಕೇಳಿಸುತ್ತಿತ್ತು. ವಾರದೊಳಗೆ ಮೊದಲನೆಯ ಕುರ್ಚಿಯವರು ನಿವೃತ್ತರಾದರು, ಎಲ್ಲರೂ ಒಂದೊಂದು ಕುರ್ಚಿ ಮುಂದಕ್ಕೆ ಸರಿದರು. ಮಗಳಿಗೆ ಆರನೆಯ ಕುರ್ಚಿ ಬಂತು. ಏಳನೆಯದಕ್ಕೆ ಒಬ್ಬ ಗಂಡಸು ಬಂದ. ಬಂದ ದಿನವೇ, ಗೋಡೆಯ ಮೇಲಿನ ವಾಕ್ಯ ತನ್ನನ್ನು ಹೆಂಗಸು ಎನ್ನುತ್ತದೆ, ಇದು ಸರಿಯೇ ಎಂದು ತಕರಾರು ತೆಗೆದ. ಹೆಂಗಸನ್ನು ‘ವ್ಯಕ್ತಿ’ ಎಂದು ತಿದ್ದಿದರು. ಮಗಳು ಎಂಬುದು ಒಂಟಿಯಾಗಿ ಹಾಸ್ಯಾಸ್ಪದವಾಯಿತು, ಅದನ್ನು ‘ಸಂಬಂಧಿಕರು’ ಎಂದು ತಿದ್ದಿದರು. ಏಳನೆಯ ಕುರ್ಚಿಯಲ್ಲಿ ಕೂತಿರುವ ವ್ಯಕ್ತಿ ಯಾರದೋ ಸಂಬಂಧಿಕರು. ಮಕ್ಕಳು ಅದನ್ನೂ ಅದೇ ರಾಗದಲ್ಲಿ ಹೇಳಿದರು. ತನಗೆ ಸಂಬಂಧಪಟ್ಟದ್ದು ಇನ್ನು ಅದರಲ್ಲಿ ಏನೂ ಉಳಿದಿಲ್ಲ ಎಂದು ತಿಳಿದ ದಿನ ಅವಳಿಗೆ ಅನ್ನ ಇಳಿಯಲಿಲ್ಲ.

ಆ ದಿನವೇ, ಮಧ್ಯಾಹ್ನದ ಬಿಸಿಲಿನಲ್ಲಿ, ಹನ್ನೊಂದು ವರ್ಷದ ಮೇಲೆ ಅವಳು ತಾಯಿಯ ಮನೆಗೆ ಹೋದಳು.

ತಾಯಿ ಒಳಗೆ ಮೊರದಲ್ಲಿ ಅವರೆಕಾಳು ಹರಡಿಕೊಂಡು ಕೆಟ್ಟದ್ದನ್ನು ಬೆರಳಿನಿಂದ ತಡವಿ ತಡವಿ ಹೆಕ್ಕುತ್ತಿದ್ದಳು. ಕಣ್ಣು ಪೂರ್ತಿ ಮಂಜಾಗಿತ್ತು. ಹೆಜ್ಜೆಯ ಸದ್ದಿಗೆ ಮುಖವೆತ್ತಿ, ಹಳೆಯ ಅಭ್ಯಾಸದಿಂದ ಕಾಲುಗಳನ್ನು ಒಳಗೆಳೆದುಕೊಂಡಳು.

ಮಗಳು ಬಾಗಿಲಲ್ಲೇ ನಿಂತಳು. ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲಿಗೋ ಹೋಗಿದ್ದವು.

“ಮೊದಲನೆಯದು,” ಎಂದಳು.

ತಾಯಿಯ ಬೆರಳುಗಳು ಮೊರದ ಮೇಲೆ ನಿಂತವು. ಮತ್ತೆ ಒಂದು ಕೆಟ್ಟ ಕಾಳನ್ನು ಹೆಕ್ಕಿದವು.

“ಇಲ್ಲಿ ಹೇಳಿದ್ರೆ ಅದು ಬರೀ ಮಾತು ಮಗಳೇ,” ಎಂದಳು. “ಅಲ್ಲಿ ಹೇಳಿದ್ರೆ ಉತ್ತರ ಆಗ್ತಿತ್ತು.”

“ನಾಳೆ ಹೋಗಿ ಅಲ್ಲೇ ಹೇಳ್ತೀನಿ.”

“ನಾಳೆ ವಾಕ್ಯ ಬೇರೆ ಅಲ್ವಾ.”

ಮಗಳು ನೆಲಕ್ಕೆ ಕುಸಿದು ಕೂತಳು. ಅತ್ತಳೋ ಇಲ್ಲವೋ, ತಾಯಿಗಂತೂ ಕಾಣುವಂತಿರಲಿಲ್ಲ. ಆ ವಾಕ್ಯವನ್ನು ಯಾಕೆ ತಂದೆ ಎಂದು ತಾಯಿಯನ್ನು ಕೇಳಿದಳು. ನಲವತ್ತು ವರ್ಷ ತಪ್ಪೇ ಬರೆದೆ, ಹೋಗುವ ಮುಂಚೆ ಒಂದು ಸರಿ ಬರೆಯೋಣ ಅನ್ನಿಸಿತು ಎಂದಳು ತಾಯಿ. ಅದನ್ನು ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕೆಲಸಗಾರರಿಗಿರುವ ಒಂದು ಸಣ್ಣ ಹೆಮ್ಮೆಯಿತ್ತು.

“ಹಾಗಾದ್ರೆ ನಾಲ್ಕನೆಯದನ್ನ ಯಾಕೆ ಬರೆದೆ?”

ತಾಯಿ ಈ ಪ್ರಶ್ನೆಗೆ ನಕ್ಕಳು. ಕೇಳುವುದೇನಿದೆ ಇದರಲ್ಲಿ ಎಂಬ ನಗು.

“ಉಳಿದ ಮೂರನ್ನ ಅವರಿಗೆ ಅಂತ ಬರೆದೆ. ನೀನು ಮೊದಲನೆಯದನ್ನ ಹೇಳಲಾರದೆ ಹೋದ್ರೆ, ನಿನಗೂ ಅಂತ ಒಂದು ಬೇಕಲ್ಲ. ಎರಡು ಅಂತಲೋ ಐದು ಅಂತಲೋ ನಿನ್ನ ಬಾಯಲ್ಲಿ ಬಂದಿದ್ರೆ ನಂಗೆ ಕೇಳೋಕೆ ಆಗ್ತಿರಲಿಲ್ಲ. ನಾಲ್ಕು ಹಾಗಲ್ಲ. ಅದರಲ್ಲಿ ಸುಳ್ಳಿಲ್ಲ.”

ಮಗಳಿಗೆ ಆಗ ಹೊಳೆಯಿತು. ಹೊಗಳಿಕೆ ತಂದ ನಾಲ್ಕು ಎಂಬ ಸಂಖ್ಯೆ, ಕರಣಿಕ ದಾಖಲೆಯಲ್ಲಿ ಬರೆದ ಆ ಸಂಖ್ಯೆ, ಅದೂ ತಾಯಿಯ ಕೈಯ ಕೆಲಸವೇ. ತಾನು ಮಾಡಿದ್ದು ಕೈಚಾಚಿ ತೆಗೆದುಕೊಂಡದ್ದಷ್ಟೇ.

ತಾಯಿ ತಡವರಿಸುತ್ತಾ ಎದ್ದು ಬಡಿಸಿದಳು. ಮಗಳು ತಲೆಯೆತ್ತದೆ ಉಂಡಳು. ಅನ್ನ ಇಳಿಯಿತು. ಇಳಿಯಬಾರದಿತ್ತು ಎಂದು ಅವಳಿಗೆ ಅನ್ನಿಸಿತು, ಆದರೆ ಹಸಿವಾಗಿತ್ತು, ಸಾರು ಚೆನ್ನಾಗಿತ್ತು. ತಾಯಿ ಎರಡನೆಯ ಸಲ ಬಡಿಸಿದಾಗಲೂ ಬೇಡವೆನ್ನಲಿಲ್ಲ. ಉಂಡಾದ ಮೇಲೆ ಕೈತೊಳೆದು, ಸೆರಗಿನಿಂದ ಮುಖ ಒರೆಸಿಕೊಂಡು, ಮುಂಬಾಗಿಲಿನತ್ತ ಹೊರಟಳು. ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳ ಗದ್ದಲ ಕೇಳಿಸುತ್ತಿತ್ತು. ಮಕ್ಕಳನ್ನು ಕರೆದೊಯ್ಯಲು ಬಂದ ದೊಡ್ಡವರೂ ಇದ್ದರು.

ತಾಯಿ ಅವಳ ತೋಳು ಹಿಡಿದು ನಿಲ್ಲಿಸಿದಳು.

“ಈ ಕಡೆ ಬೇಡ. ಬೀದೀಲಿ ಜನ ಇದ್ದಾರೆ, ನಿನ್ನ ನೋಡ್ತಾರೆ. ಹಿತ್ತಲ ಬಾಗಿಲು ತೆಗೆದೇ ಇದೆ, ಆ ಕಡೆಯಿಂದ ಹೋಗು.”

ಮಗಳು ಬಾಗಿಲಿನ ಚಿಲಕದ ಮೇಲೆ ಕೈಯಿಟ್ಟುಕೊಂಡು ನಿಂತಳು. ಹೊರಗೆ ಎರಡೇ ಹೆಜ್ಜೆಗೆ ಬೀದಿ. ಗಂಟೆಯಿರಲಿಲ್ಲ, ಹಲಗೆಯಿರಲಿಲ್ಲ, ಸಂಖ್ಯೆ ಕೇಳಲು ಕರಣಿಕನಿರಲಿಲ್ಲ. ತಾಯಿ ಕಾಣದ ಕಣ್ಣಿನಿಂದ ಅವಳಿರುವ ಕಡೆಗೇ ಮುಖ ಮಾಡಿಕೊಂಡು, ಯಾವುದಕ್ಕೂ ಕಾಯುತ್ತಿಲ್ಲ ಎಂಬಂತೆ ನಿಂತಿದ್ದಳು.

ಮಗಳು ಚಿಲಕ ಬಿಟ್ಟಳು. ಹಿತ್ತಲ ಕಡೆಯಿಂದ ಹೋದಳು.